ಹಸಿ ಬೆಳಕು

ನಾರಿನ್ ಊರಿನಲ್ಲಿ ಈ ರಾತ್ರಿ ಮೈನಸ್ ಇಪ್ಪತ್ತೆರಡು.
ಕಿಟಕಿಯ ಗಾಜಿಗೆ ಒಳಗಡೆಯಿಂದಲೇ ಹಿಮ ಕಟ್ಟಿದೆ.
ಲ್ಯಾಪ್‌ಟಾಪಿನ ಫ್ಯಾನು ಮುದಿ ಕುದುರೆಯ ಹಾಗೆ
ಏದುಸಿರು ಬಿಡುತ್ತಿದೆ; ಅದರ ಬಿಸಿಗೆ ಅಂಗೈ ಒಡ್ಡಿ
ಮೂರು ತಂತ್ರಾಂಶ ತೆರೆದು ಕೂತಿದ್ದೇನೆ.
ಎರಡು, ಮೂವತ್ತು ದಿನದ ನೆಂಟರು.
ಒಂದು, ಹೋಗೆಂದರೂ ಹೋಗದ ಬಿಟ್ಟಿ.

ಫೈಲು ಒಂದೇ: ನಾಲ್ಕು ಸಾವಿರದ ನಾನೂರ ಹದಿನೇಳು.
ಬುರುಲ್ಚಾ ಅಕ್ಕ ಹೊಲಿದ ಶಿರ್ದಾಕ್ ಕಂಬಳಿ,
ಟಗರ ಕೊಂಬಿನ ಬಳ್ಳಿ,
ಮಂಜಿಷ್ಠದ ಬೇರಿನಲ್ಲಿ ಮೂರು ಸಲ ಅದ್ದಿದ ಕೆಂಪು.

ಮೊದಲನೆಯದು ತೆರೆದ ಕೂಡಲೇ
ಕೆಂಪು ಮದುವಣಗಿತ್ತಿಯಾಯಿತು.
ಕೇಳದೆಯೇ ಕೆನ್ನೆಗೆ ರಂಗು, ನೆರಳಿಗೆ ಜೇನು.
ಚೆಲುವೆ, ಒಪ್ಪಿದೆ. ಆದರೆ ತಿಂಗಳ ಬಾಡಿಗೆ;
ಎಂದಾದರೂ ಒಂದು ಕಂತು ತಪ್ಪಿದರೆ
ಅಲ್ಲಿಯವರೆಗೆ ತಿದ್ದಿದ್ದಕ್ಕೆಲ್ಲ ಬೀಗ ಅವರದು,
ಬಾಗಿಲಾಚೆ ನಾನು.

ಎರಡನೆಯದಕ್ಕೆ ದುಡ್ಡು ಒಂದೇ ಸಲ,
ಸಂತೆಯಲ್ಲಿ ಎರಡು ಕೊಬ್ಬಿದ ಕುರಿಯ ಬೆಲೆ.
ಅದರ ಕೆಂಪು ಇಟ್ಟಿಗೆ. ಗುಮಾಸ್ತನಂಥ ಅಚ್ಚುಕಟ್ಟು.

ಮೂರನೆಯದನ್ನು ಯಾರೋ ಎಲ್ಲೆಲ್ಲೋ ಕೂತು
ನಿದ್ದೆಗೆಟ್ಟು ಕಟ್ಟಿದ್ದಾರಂತೆ, ಕಾಸು ಕೇಳದೆ.
ತೆರೆದರೆ ಕೆಂಪೇ ಇಲ್ಲ,
ತಣ್ಣಗಾದ ಚಹಾದ ಬಣ್ಣ.
ಎಣಿಸಲಾಗದಷ್ಟು ಗುಂಡಿ, ಒಂದೂ ಮಾತಾಡಿಸಲಿಲ್ಲ.
ಬೇಕಿದ್ದರೆ ನೀನೇ ಮಾಡಿಕೋ ಎಂಬ ಮುಖ.

ಸಂಘದ ಲೆಕ್ಕ ಬರೆಯುವ ನನ್ನ ಗಂಡ ಸಗಿನ್‌ಬೆಕ್
ಹೆಗಲ ಮೇಲಿಂದ ಇಣುಕಿ ಹೇಳುತ್ತಾನೆ:
"ಮೊದಲನೆಯದೇ ಇರಲಿ. ಲಿಯಾನಿನ ಗಿರಾಕಿಗೆ ಹೊಳಪು ಬೇಕು.
ಅವರೇನು ಇಲ್ಲಿಗೆ ಬಂದು ಬೇರು ಅಗೆಯುತ್ತಾರಾ?"

ಹಸಿ ಫೈಲು ಇದು, ಕಚ್ಚಾ.
ಯಾವ ಚುಕ್ಕೆಯ ಮೇಲೆ ಎಷ್ಟು ಬೆಳಕು ಬಿತ್ತೆಂಬ ಲೆಕ್ಕ,
ಅಷ್ಟೇ. ಈಗಷ್ಟೇ ಕತ್ತರಿಸಿದ ಉಣ್ಣೆಯ ಹಾಗೆ
ಮುಳ್ಳು, ಹಿಕ್ಕೆ, ಜಿಡ್ಡು ಸಮೇತ.
ಬಿಳುಪೆಲ್ಲ ತೊಳೆಯುವವಳ ಕೈಯಲ್ಲಿ.
ಹಸಿಯಾಗಿದ್ದದ್ದು ನಿಜವೇ ಆಗಬೇಕಿಲ್ಲ ತಾನೆ,
ಹಸಿ ಸುಳ್ಳು ಅಂತಲೂ ಒಂದಿದೆ.

ನಿನ್ನೆ ಲ್ಯಾಪ್‌ಟಾಪನ್ನು ಕುರಿ ಚರ್ಮದಲ್ಲಿ ಸುತ್ತಿ,
ಕೂಸಿನ ಹಾಗೆ ಎದೆಗವಚಿ, ಬುರುಲ್ಚಾ ಅಕ್ಕನ ಮನೆಗೆ ಹೋದೆ.
ಮೂರೂ ಕೆಂಪು ಸಾಲಾಗಿಟ್ಟು ಕೇಳಿದೆ:
ಯಾವುದು ನಿಮ್ಮದು?
"ಎಷ್ಟು ಹೊತ್ತಿಗೆ ತೆಗೆದದ್ದು?"
ಮೂರೂವರೆಗೆ.
"ಮೋಡ ಇತ್ತಾ?"
ನೆನಪಿಲ್ಲ.
"ಮತ್ತೆ ನನ್ನನ್ನೇನು ಕೇಳುತ್ತೀ," ಎಂದು ಚಹಾ ಬಗ್ಗಿಸಿದಳು.

ಆಮೇಲೆ ಕನ್ನಡಕ ಏರಿಸಿ, ಮದುವಣಗಿತ್ತಿಯ ಹತ್ತಿರ ಬಾಗಿ
ಹೆಬ್ಬೆರಳಿನಿಂದ ಪರದೆ ಸವರಿದಳು.
"ಇದರ ರೋಮ ಎಲ್ಲಿ?"
ಹಿಗ್ಗಿಸಿ ನೋಡಿದೆ.
ಗದ್ದಲ ತೆಗೆಯುವ ಜಾಣ ಗುಂಡಿ
ಎದ್ದು ನಿಂತ ಎಳೆಯನ್ನೆಲ್ಲ ಗದ್ದಲವೆಂದೇ ಬಗೆದು
ಗುಡಿಸಿ ಹಾಕಿತ್ತು. ಉಳಿದದ್ದು ಪ್ಲಾಸ್ಟಿಕ್ಕು.

ಎರಡನೆಯದನ್ನು ನೋಡಿ ಇನ್ನೂ ಸಿಟ್ಟು.
"ಈ ಅಂಚು ಓರೆ ಇತ್ತು. ಕತ್ತರಿ ಹಿಡಿದವಳು ನನ್ನ ಸೊಸೆ,
ಏಳು ತಿಂಗಳ ಬಸುರಿ, ಬಗ್ಗಲಾಗುತ್ತಿರಲಿಲ್ಲ.
ನೇರ ಮಾಡಿದವರು ಯಾರು?"

ನಾನಲ್ಲ, ಎಂದೆ.
ಹಸಿ ಸುಳ್ಳೇನಲ್ಲ ಅದು. ಆದರೂ
ಗುಂಡಿ ಒತ್ತಿದ ಬೆರಳು ನನ್ನದೇ.

ಹೊರಡುವಾಗ ಅವಳು ಹರಿದು ಕೊಟ್ಟ ಗೇಣುದ್ದ ಕೆಂಪು ದಾರ
ಈಗ ಪರದೆಯ ಮೂಲೆಯಲ್ಲಿ, ಟೇಪಿನ ಕೆಳಗೆ.
ಆ ಮೂಗ ಬಿಟ್ಟಿಯನ್ನೇ ತೆರೆದಿದ್ದೇನೆ.
ಒಂದು ಗುಂಡಿ, ಕೂದಲೆಳೆಯಷ್ಟು; ಮತ್ತೆ ದಾರ ನೋಡು;
ಇನ್ನೊಂದು ಗುಂಡಿ.
ನಾನು ಮಾಡಿದ್ದನ್ನೆಲ್ಲ ಪಕ್ಕದ ಪುಟ್ಟ ಫೈಲಿನಲ್ಲಿ
ಚಾಡಿಕೋರನ ಹಾಗೆ ಬರೆದಿಡುತ್ತದೆ.
ಅದನ್ನು ಅಳಿಸಿದರೆ
ಮೂರೂವರೆಯ ಬೆಳಕು ಇದ್ದಲ್ಲೇ ಇದೆ,
ಯಾರ ಕೈಯೂ ತಾಗದೆ.

"ಆಯ್ತಾ?" ಎನ್ನುತ್ತಾನೆ ಹಾಸಿಗೆಯಿಂದ ಸಗಿನ್‌ಬೆಕ್.
ಇಲ್ಲ. ತಲೆಯ ಮೇಲಿನ ಬಲ್ಬು ಹಳದಿ.
ದಾರಕ್ಕೂ ಈಗ ಹಳದಿ ಬೆರೆತಿದೆ.
ಬೆಳಗಾಗಲಿ,
ಮೋಡ ಇದೆಯಾ ನೋಡಿಕೊಂಡು ಕೂರುತ್ತೇನೆ.